ಕುದಿಸಿದ ನೀಲಿ

ಕುಷ್ಟಗಿಯ ಬಜಾರದಲ್ಲಿ ಪ್ರಭುರಾಜನ ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ಕೈ ನೋಡಿದರೆ ಸಾಕು. ಬೆರಳ ತುದಿಯೆಲ್ಲ ನೀಲಿ, ಉಗುರಿನ ಸಂದಿಯಲ್ಲಿ ಪಾಚಿಯ ಹಸಿರು. ಮಂದಿ ಓಟು ಹಾಕಿ ಒಂದು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ ಇವನು ಓಣಿಯವರ ಓಟೆಲ್ಲ ಒಬ್ಬನೇ ಹಾಕಿ ಬಂದಿದ್ದಾನೆ ಎಂದು ಚಹಾದಂಗಡಿಯ ರೆಹಮಾನ ಗಿರಾಕಿಗಳೆದುರು ಚೇಷ್ಟೆ ಮಾಡುತ್ತಾನೆ. ನಿಜ ಹೇಳಬೇಕೆಂದರೆ ಆ ನೀಲಿ ಸೋಪು ಹಚ್ಚಿ ತಿಕ್ಕಿದರೆ ಹೋಗುವಂಥದ್ದು. ಪ್ರಭುರಾಜ ತಿಕ್ಕುವುದಿಲ್ಲ. ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಂತಾಗ ಪಕ್ಕದವರು ಕೈಗೇನಾಯಿತು ಎಂದು ಕೇಳಬೇಕು, ಇವನು ಹನುಮಸಾಗರ ಬರುವವರೆಗೆ ವಿವರಿಸಬೇಕು. ಅದಕ್ಕೆ ಆ ಬಣ್ಣ ಬೇಕು.

ಅವನ ಅಪ್ಪ ಕಳಕಪ್ಪನದು ಬಜಾರದ ನಡುಮಧ್ಯೆ ಬಳೆ, ಕುಂಕುಮ, ಸ್ನೋ, ಪೌಡರಿನ ಅಂಗಡಿ. ಬಳೆ ಯಾರ ಅಂಗಡಿಯಲ್ಲಾದರೂ ಸಿಗುತ್ತವೆ. ಕಳಕಪ್ಪನ ಹೆಸರು ನಡೆಯುವುದು ಕುಂಕುಮದಿಂದ. ಯಲಬುರ್ಗಾದವರು, ಗಂಗಾವತಿ ಕಡೆಯವರು ಕೂಡ ಕುಷ್ಟಗಿಗೆ ಬಂದರೆ ಒಂದು ಪೊಟ್ಟಣ ಕಟ್ಟಿಸಿಕೊಂಡೇ ಹೋಗುತ್ತಾರೆ. ಆ ಕುಂಕುಮ ಬೆಳಗ್ಗೆ ಹಚ್ಚಿದರೆ ಹೊಲದ ಬೆವರಿಗೂ ಜಗ್ಗದೆ ಸಂಜೆಯವರೆಗೆ ಕೆಂಪಗೆ ಕೂತಿರುತ್ತದೆ, ಸೆರಗಿನಿಂದ ಒರೆಸಿದರೆ ಸೆರಗು ಕೆಂಪಾಗುತ್ತದೆಯೇ ಹೊರತು ಹಣೆ ಬಿಳಿಯಾಗುವುದಿಲ್ಲ. ಪೊಟ್ಟಣದ ಮೇಲೆ 'ಶುದ್ಧ ಅರಿಷಿಣದ ಕುಂಕುಮ' ಎಂದು ಅಚ್ಚಾಗಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಳಿ ಪುಡಿಯ ಚೀಲವಿದೆ, ಎಣ್ಣೆಯ ಡಬ್ಬಿಯಿದೆ, ಕಾರ್ಖಾನೆಯ ಕೆಂಪು ಬಣ್ಣದ ಡ್ರಮ್ಮಿದೆ. ಇಲ್ಲದಿರುವುದು ಅರಿಷಿಣ ಒಂದೇ.

ಕಳಕಪ್ಪನ ಹೆಂಡತಿ ಗುರುಲಿಂಗಮ್ಮ ಮದುವೆಯಾಗಿ ಬಂದ ದಿನದಿಂದ ಅಂಗಡಿಯ ಕುಂಕುಮವನ್ನೇ ಹಚ್ಚಿದವಳು. ಮೊದಲು ಹಣೆಯಲ್ಲಿ ಸಾಸಿವೆಯಷ್ಟು ಕಪ್ಪು ಕಲೆ ಬಂತು. ಅದನ್ನು ಮುಚ್ಚಲು ಕುಂಕುಮ ಸ್ವಲ್ಪ ದೊಡ್ಡದಾಯಿತು. ಕುಂಕುಮ ದೊಡ್ಡದಾದಂತೆ ಕಲೆಯೂ ದೊಡ್ಡದಾಯಿತು. ಹೀಗೆ ಎರಡೂ ಪೈಪೋಟಿಗೆ ಬಿದ್ದು, ಪ್ರಭುರಾಜನಿಗೆ ತಿಳಿವಳಿಕೆ ಬರುವ ಹೊತ್ತಿಗೆ ಅವ್ವನ ಹಣೆಯ ಮೇಲೆ ಎಂಟಾಣೆಯ ನಾಣ್ಯದಷ್ಟಿದ್ದದ್ದು ಹೋಗಿ ಹಪ್ಪಳದಷ್ಟು ಕೆಂಪು ನಿಂತಿತ್ತು. ಮಂದಿ ಅದನ್ನು ನೋಡಿ ಮುತ್ತೈದೆ ಎಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು. ಒಮ್ಮೆ ಕೊಪ್ಪಳದ ಚರ್ಮದ ಡಾಕ್ಟರರು ಹಣೆಗೆ ಏನು ಹಚ್ಚುತ್ತೀರಿ ಎಂದು ಕೇಳಿದಾಗ ಗುರುಲಿಂಗಮ್ಮ ಬಾಯಿ ತೆರೆಯುವ ಮೊದಲೇ ಕಳಕಪ್ಪ ಉತ್ತರ ಕೊಟ್ಟ. ಮನೆಯದೇ, ಶುದ್ಧ ಅರಿಷಿಣದ್ದು. ಡಾಕ್ಟರರು ಪಿತ್ತದ ಗುಳಿಗೆ ಬರೆದುಕೊಟ್ಟರು. ಜೊತೆಗೆ ಹೋಗಿದ್ದ ಪ್ರಭುರಾಜ ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ, ಕೆಮಿಸ್ಟ್ರಿಯಲ್ಲಿ. ಡ್ರಮ್ಮಿನ ಬಣ್ಣ ಯಾವುದೆಂದು ಅವನಿಗೆ ಗೊತ್ತಿತ್ತು. ಅಪ್ಪನೆದುರು ಬಾಯಿ ಬರಲಿಲ್ಲ, ಮುಂದೆ ಅವ್ವನಿಗೆ ಹೇಳುವ ಧೈರ್ಯವೂ ಆಗಲಿಲ್ಲ. ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವನು ಇನ್ನು ಆ ಅಂಗಡಿಯ ಗಾದಿಯ ಮೇಲೆ ಕೂಡುವುದಿಲ್ಲ ಎಂದು ನಿಶ್ಚಯಿಸಿಬಿಟ್ಟ.

ನಿಶ್ಚಯ ದೊಡ್ಡದು, ದಾರಿ ಮಾತ್ರ ಸಿಗಲಿಲ್ಲ. ಮೊದಲು ಅಣಬೆ ಬೆಳೆಸಿದ, ಬೇಸಿಗೆ ಅವನ್ನು ಒಣಗಿಸಿ ಸಂಡಿಗೆ ಮಾಡಿತು. ಆಮೇಲೆ ಲೋಳೆಸರ ಹಾಕಿದ, ಕೊಳ್ಳುತ್ತೇವೆ ಎಂದ ಕಂಪನಿಯವರ ಫೋನು ಬೆಳೆ ಬರುವ ಹೊತ್ತಿಗೆ ಬಂದ್ ಆಗಿತ್ತು. ಜೇನು ಸಾಕಿದ, ಹುಳಗಳು ಒಳ್ಳೆಯ ಊರು ಹುಡುಕಿಕೊಂಡು ಸಿದ್ದಾಪುರದ ಗದ್ದೆಗಳ ಕಡೆ ಹೋದವು. ಊರಿನವರು ಅವನಿಗೆ ಪ್ರಾಜೆಕ್ಟ್ ಪ್ರಭು ಎಂದು ಹೆಸರಿಟ್ಟರು. ಹೆಂಡತಿ ದ್ರಾಕ್ಷಾಯಿಣಿ ಯಲಬುರ್ಗಾದ ಸಾಲಿಯಲ್ಲಿ ಟೀಚರು. ಅವಳ ಪಗಾರದಲ್ಲಿ ಮನೆ ನಡೆಯಿತು, ಅವಳ ಸಹನೆಯಲ್ಲಿ ಪ್ರಾಜೆಕ್ಟುಗಳು ನಡೆದವು.

ಕೊನೆಗೆ ಯಾವುದೋ ಕೃಷಿ ಮೇಳದಲ್ಲಿ ಅವನು ಸ್ಪಿರುಲಿನಾ ಎಂಬ ಪಾಚಿಯನ್ನು ಕಂಡ. ಹಸಿರು ಪಾಚಿಯ ಹೊಟ್ಟೆಯಲ್ಲಿ ನೀಲಿ ಬಣ್ಣವಿರುತ್ತದೆ, ಅದು ಚರ್ಮಕ್ಕೆ ತ್ರಾಸು ಕೊಡುವುದಿಲ್ಲ, ಮುಖಕ್ಕೆ ಹಚ್ಚುವ ಸಾಮಾನಿಗೆ ಬಳಸುತ್ತಾರೆ ಎಂದು ಅಲ್ಲಿಯವರು ಹೇಳಿದಾಗ ಪ್ರಭುರಾಜನಿಗೆ ಅವ್ವನ ಹಣೆ ನೆನಪಾಯಿತು. ಮಿಕ್ಕ ಪ್ರಾಜೆಕ್ಟುಗಳನ್ನು ಅವನು ಹುಮ್ಮಸ್ಸಿನಿಂದ ಮಾಡಿದ್ದ. ಇದನ್ನು ಮಾತ್ರ ಒಡಲ ಸಂಕಟದಿಂದ ಶುರುಮಾಡಿದ.

ಹನುಮಸಾಗರದ ದಾರಿಯಲ್ಲಿ ಅವರದೊಂದು ತುಂಡು ಎರೆಹೊಲವಿತ್ತು. ಅಲ್ಲಿ ತೊಟ್ಟಿ ಕಟ್ಟಿ, ಪ್ಲಾಸ್ಟಿಕ್ ಹಾಸಿ, ಮೇಲೆ ನೆರಳಿನ ಬಲೆ ಹೊದಿಸಿ, ನೀರಿಗೆ ಉಪ್ಪು ಸೋಡಾ ಹಾಕಿ ಪಾಚಿ ಬಿಟ್ಟ. ಅದನ್ನು ದಿನವಿಡೀ ಕದಡಲು ಫಕೀರಮ್ಮನನ್ನು ಕೂಲಿಗೆ ಕರೆದ. ಎಲ್ಲ ಕಡೆ ಪಾಚಿ ತೆಗೆಯಲು ಕೂಲಿ ಕೊಡುತ್ತಾರೆ, ಇಲ್ಲಿ ಪಾಚಿ ಬೆಳೆಸಲು ಕೊಡುತ್ತಾರೆ ಎಂದು ಅವಳು ಮನೆಯಲ್ಲಿ ಹೇಳಿದರೆ ಗಂಡ ನಂಬದೆ ಒಂದು ದಿನ ಬಂದು ನೋಡಿ ಹೋದ. ನೋಡಿದ ಮೇಲೂ ಅವನು ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಬಣ್ಣ ತೆಗೆಯುವುದು ಕೂಸು ಸಾಕಿದಷ್ಟು ಜತನದ ಕೆಲಸ. ಪಾಚಿಯನ್ನು ಬಟ್ಟೆಯಲ್ಲಿ ಸೋಸಿ ಹಿಂಡಿ, ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಮತ್ತೆ ಕರಗಿಸಬೇಕು. ಆಗ ಅದರ ಒಡಲು ಒಡೆದು ನೀಲಿ ನೀರಿಗಿಳಿಯುತ್ತದೆ. ಹುಬ್ಬಳ್ಳಿಯಿಂದ ತಂದ ಹಳೆಯ ಯಂತ್ರದಲ್ಲಿ ಆ ನೀರನ್ನು ಗರಗರ ತಿರುಗಿಸಿದರೆ ಹಸಿರು ತಳಕ್ಕೆ ಕೂಡುತ್ತದೆ, ನೀಲಿ ಮೇಲೆ ನಿಲ್ಲುತ್ತದೆ. ಅದಕ್ಕೊಂದು ಬಗೆಯ ಉಪ್ಪು ಹಾಕಿ ನೀಲಿಯನ್ನಷ್ಟೇ ಕೆಳಗಿಳಿಸಿ, ಬೇಡದ್ದನ್ನು ಚೆಲ್ಲಿ, ಮತ್ತೆ ಶುದ್ಧ ನೀರಿನಲ್ಲಿ ಕರಗಿಸಿ, ತೆಳು ಪೊರೆಯ ಚೀಲದಲ್ಲಿ ತುಂಬಿ ನೀರಿನಲ್ಲಿ ಇಳಿಬಿಟ್ಟರೆ ಉಪ್ಪು ಹೊರಗೆ ಹೋಗಿ ಬಣ್ಣ ಒಳಗೆ ಉಳಿಯುತ್ತದೆ. ತೊಟ್ಟಿಗಟ್ಟಲೆ ಪಾಚಿಗೆ ಕೊನೆಯಲ್ಲಿ ಸಿಗುವುದು ಒಂದು ಪಾತ್ರೆ ನೀಲಿ. ಅದಕ್ಕೂ ಬಿಸಿ ಆಗದು, ಬಿಸಿಲು ಆಗದು, ಹುಳಿ ಆಗದು. ಇಷ್ಟು ನಾಜೂಕಿನದು ಹುಟ್ಟಬೇಕಾಗಿ ಬಂದದ್ದು ಕುಷ್ಟಗಿಯ ಬೇಸಿಗೆಯಲ್ಲಿ. ಆದರೆ ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ಗಳಿಗೆ ಬಿಸಿಲಿಗೆ ಹಿಡಿದರೆ ಆ ನೀಲಿಯ ಅಂಚಿನಲ್ಲಿ ಕೆಂಪು ಹೊಳಪು ಏಳುತ್ತದೆ. ಮೊದಲ ಸಲ ಅದನ್ನು ಕಂಡಾಗ ಪ್ರಭುರಾಜ ಹೊಲದಲ್ಲಿ ನಿಂತು ಅತ್ತುಬಿಟ್ಟಿದ್ದ. ಅಪ್ಪನ ಡ್ರಮ್ಮಿನಲ್ಲಿ ಇಲ್ಲದ ಕೆಂಪು ಅದು.

ಆ ಮೊದಲ ನೀಲಿಯನ್ನು ಧಾರವಾಡದ ಲ್ಯಾಬಿಗೆ ಕಳಿಸಿದಾಗ ತಿನ್ನುವ ಪದಾರ್ಥಕ್ಕೆ ಬೇಕಾದ ಶುದ್ಧತೆ ದಾಟಿ ಮುಖಕ್ಕೆ ಹಚ್ಚುವ ದರ್ಜೆಗೆ ಬಂದಿದೆ ಎಂದು ರಿಪೋರ್ಟು ಬಂತು. ಕಳಕಪ್ಪ ಇದನ್ನು ಕೇಳಿ ಅಂಗಡಿಯಲ್ಲಿ ಕೂತ ಮಂದಿಗೆಲ್ಲ ಹೇಳಿ ನಕ್ಕ. ಹೊಟ್ಟೆಗೆ ಹೋಗುವುದು ಹೇಗಿದ್ದರೂ ನಡೆಯುತ್ತದಂತೆ, ಮುಖಕ್ಕೆ ಹಚ್ಚುವುದು ಇನ್ನೂ ಶುದ್ಧ ಬೇಕಂತೆ, ಕಲಿತವರ ಲೆಕ್ಕವೇ ಬೇರೆ ಎಂದ. ಬೆಂಗಳೂರಿನ ಸೌಂದರ್ಯ ಸಾಮಗ್ರಿಯ ಕಂಪನಿಯೊಂದು ನಮೂನೆ ನೋಡಲು ಬರುತ್ತದೆ ಎಂದು ತಿಳಿದ ಮೇಲೆ ನಗು ನಿಲ್ಲಿಸಿ ಮಗನನ್ನು ಎದುರಿಗೆ ಕೂರಿಸಿಕೊಂಡ.

"ನೋಡು ಪ್ರಭು, ಇದ ಕೊನೀದು. ಕಂಪನಿಯವರು ಒಪ್ಪಿದ್ರ ನಿನ್ನ ದಾರಿ ನಿನಗ, ನಾ ಒಂದ ಮಾತು ಆಡಂಗಿಲ್ಲ. ಒಪ್ಪಲಿಲ್ಲಂದ್ರ ಸುಮ್ನ ಬಂದು ಗಾದಿ ಮ್ಯಾಲೆ ಕೂತು ಕುಂಕುಮ ಕಟ್ಟಬೇಕು."

ಪ್ರಭುರಾಜ ಒಪ್ಪಿದ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ತೊಟ್ಟಿಗಳಲ್ಲಿದ್ದ ಪಾಚಿಯನ್ನೆಲ್ಲ ಬಳಿದು ತೆಗೆದು, ಸೋಸಿ, ತಿರುಗಿಸಿ, ಶುದ್ಧ ಮಾಡಿ ಒಂದು ಪಾತ್ರೆ ನೀಲಿ ಸಿದ್ಧಮಾಡಿದ. ಹೊಲದಲ್ಲಿ ಕರೆಂಟಿನ ಭರವಸೆ ಇಲ್ಲವೆಂದು ಮನೆಗೆ ತಂದು, ಹಾಲಿನ ಬೋಗುಣಿಯ ಪಕ್ಕದಲ್ಲಿ ಫ್ರಿಜ್ಜಿನೊಳಗೆ ಇಟ್ಟ. ಕಂಪನಿಯವರು ಬರುವ ಹಿಂದಿನ ದಿನ ಒಳ್ಳೆಯ ಗಾಜಿನ ಬಾಟಲಿ ತರಲೆಂದು ಕೊಪ್ಪಳದ ಬಸ್ಸು ಹತ್ತಿದ. ಪ್ಲಾಸ್ಟಿಕ್ಕಿನಲ್ಲಿ ಕೊಟ್ಟರೆ ಕಡಿಮೆ ಕಾಣುತ್ತದೆ ಎಂಬ ಚಿಂತೆ ಅವನಿಗೆ. ಹೋಗುವಾಗ ಅದನ್ನು ಯಾರೂ ಮುಟ್ಟಬೇಡಿ ಎಂದು ಹೇಳಲು ಮರೆಯಲಿಲ್ಲ. ಏಕೆ ಮುಟ್ಟಬಾರದು ಎಂದು ಹೇಳಲು ಮರೆತ.

ಅವನು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ, ಗೋಡೆ ಮುಟ್ಟಿದರೂ ಬಿಸಿ. ಎಷ್ಟೋ ಹೊತ್ತಾದರೂ ಕರೆಂಟು ಬರದಿದ್ದಾಗ ಗುರುಲಿಂಗಮ್ಮ ಎದ್ದು ಈ ಸೀಮೆಯ ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದಳು. ಫ್ರಿಜ್ಜಿನ ಹಾಲು ತೆಗೆದು ಒಲೆಗಿಟ್ಟು ಕಾಯಿಸಿದಳು. ಕೆಡುವ ಮೊದಲು ಒಂದು ಕುದಿ ಬರಿಸಿಬಿಡುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಪಕ್ಕದಲ್ಲಿದ್ದ ಮಗನ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಹೊಳೆಯ ಮೀನಿನಂಥ ವಾಸನೆ. ಇನ್ನೊಂದು ತಾಸು ಬಿಟ್ಟರೆ ಇದೂ ಹೋಯಿತು ಎಂದುಕೊಂಡಳು. ಎಷ್ಟು ದಿನದಿಂದ ಹುಡುಗ ಊಟ ನಿದ್ದೆ ಬಿಟ್ಟು ಮಾಡಿದ್ದಾನೆ. ಬೇರೆ ಪಾತ್ರೆಗೆ ಸುರಿದರೆ ಚೆಲ್ಲೀತು ಎಂದು ಆ ಪಾತ್ರೆಯನ್ನೇ ಒಲೆಗಿಟ್ಟು, ತಳ ಹತ್ತದಂತೆ ಸೌಟು ಆಡಿಸುತ್ತ ಪ್ರೀತಿಯಿಂದ ಕುದಿಸಿದಳು. ನೀಲಿ ಮಂಕಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ಬಂತು, ಕೊನೆಗೆ ಒಡೆದ ಹಾಲಿನಂತೆ ಗರಣಿ ಗರಣಿಯಾಯಿತು. ಗಾಬರಿಯಾದ ಗುರುಲಿಂಗಮ್ಮ ಅದನ್ನು ಬಟ್ಟೆಯಲ್ಲಿ ಸೋಸಿ, ಗರಣಿ ಬೇರೆ ನೀರು ಬೇರೆ ಎರಡು ಬಟ್ಟಲಲ್ಲಿ ಮುಚ್ಚಿಟ್ಟಳು. ಯಾವುದು ಬೇಕಾಗುತ್ತದೋ ಅದನ್ನು ಮಗ ತೆಗೆದುಕೊಳ್ಳಲಿ ಎಂಬ ವಿಚಾರ.

ಸಂಜೆ ಪ್ರಭುರಾಜ ಬಾಟಲಿ ಹಿಡಿದು ಬಂದು ಬಟ್ಟಲುಗಳ ಮುಂದೆ ಕೂತು ಮುಚ್ಚಳ ತೆಗೆದವನು ಆ ಬೂದು ಗರಣಿಯಲ್ಲಿ ಬೆರಳಾಡಿಸಿ ನೋಡಿದ. ಗುರುಲಿಂಗಮ್ಮ ಸೆರಗಿನ ತುದಿ ಹಿಂಡುತ್ತ ಬಾಗಿಲಲ್ಲಿ ನಿಂತಿದ್ದಳು.

"ಕೆಡತೈತಿ ಅಂತ ಒಂದ್ ಕುದಿ ಬರಿಸಿದೆನೋ ಯಪ್ಪಾ. ತಪ್ಪಾತೇನು?"

ಪ್ರಭುರಾಜನ ಬಾಯಿಗೆ ಬಂದದ್ದು ಬಹಳ ಇತ್ತು. ಅವ್ವನ ಮುಖ ನೋಡಿದ. ಹಣೆಯ ಕುಂಕುಮದ ಅಂಚಿನಿಂದ ಆ ಕಪ್ಪು ಇಣುಕುತ್ತಿತ್ತು. ತಪ್ಪೇನೂ ಆಗಿಲ್ಲ, ಇದು ಬೇಡದ್ದೇ ಇತ್ತು, ಬೇರೆ ಮಾಡಿಟ್ಟಿದ್ದೇನೆ ಎಂದುಬಿಟ್ಟ. ಅದು ಅವನು ಆ ದಿನ ಹೇಳಿದ ಮೊದಲ ಸುಳ್ಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕೆಟ್ಟದ್ದು ಆಮೇಲೆ ಬಂತು.

ಹೊಸದಾಗಿ ಮಾಡಬೇಕೆಂದರೆ ತೊಟ್ಟಿಯಲ್ಲಿ ಪಾಚಿಯಿಲ್ಲ, ಮತ್ತೆ ಬೆಳೆಯಲು ದಿನಗಳು ಬೇಕು. ಕಂಪನಿಯ ಮೇಡಂಗೆ ಫೋನು ಮಾಡಿ ಆಮೇಲೆ ಬನ್ನಿ ಎಂದರೆ ಅವರು ಬಂದ ಹಾಗೆಯೇ. ಪ್ರಭುರಾಜನ ಕಣ್ಣೆದುರು ಗಾದಿ ಕಂಡಿತು, ಡ್ರಮ್ಮು ಕಂಡಿತು, ಪೊಟ್ಟಣ ಕಟ್ಟುವ ತನ್ನ ಕೈ ಕಂಡಿತು. ಎದ್ದು ನೇರ ಅಪ್ಪನ ಅಂಗಡಿಗೆ ಹೋದ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಮೇಲಿನ ಹಲಗೆಯಲ್ಲಿತ್ತು. ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಕಳಕಪ್ಪ ಚಷ್ಮಾದ ಮೇಲಿನಿಂದ ನೋಡಿದ. ಇಡೀ ಜೀವನ ಕಣ್ಣಳತೆಯಲ್ಲೇ ಬಣ್ಣ ಬೆರೆಸಿದವನಿಗೆ ಮಗ ಯಾವ ಬಟ್ಟೆ ಒಗೆಯಲು ಹೊರಟಿದ್ದಾನೆ ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ.

ಅವ್ವ ಸೋಸಿಟ್ಟ ನೀರಿಗೆ ಕೆಲವು ಹನಿ ಬೀಳುತ್ತಲೇ ಎಂಥ ನೀಲಿ ಬಂತು! ನಿಜವಾದದ್ದಕ್ಕೆ ಅಷ್ಟು ಮಿರುಗು ಯಾವತ್ತೂ ಬಂದಿರಲಿಲ್ಲ. ಬಾಟಲಿಗೆ ತುಂಬಿ, ಧಾರವಾಡದ ಹಳೆಯ ರಿಪೋರ್ಟನ್ನು ಅದರ ಕುತ್ತಿಗೆಗೆ ದಾರದಿಂದ ಕಟ್ಟಿದ. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತಿಕ್ಕಿದ, ಅದೂ ಎಷ್ಟೋ ದಿನಗಳ ನಂತರ. ಈ ನೀಲಿ ಹೋಗಲಿಲ್ಲ.

ಮರುದಿನ ಬಂದ ಮೇಡಂ ಹೆಸರು ಐಶ್ವರ್ಯ. ನಯವಾದ ಮಾತು, ಕಾರಿನಿಂದ ಇಳಿದು ಬಿಸಿಲಿಗೆ ಬೆಚ್ಚಿದರೂ ನಗು ಬಿಡಲಿಲ್ಲ. ಬಾಟಲಿಯನ್ನು ಕಿಟಕಿಯ ಕಡೆ ಎತ್ತಿ ಒಮ್ಮೆ ನೋಡಿ ವಾವ್ ಎಂದಳು, ರಿಪೋರ್ಟನ್ನು ಬಿಚ್ಚದೆಯೇ ಚೀಲಕ್ಕೆ ಹಾಕಿದಳು. ಅವಳ ಉಳಿದ ಹೊತ್ತೆಲ್ಲ ಫಕೀರಮ್ಮನ ಫೋಟೋ ತೆಗೆಯುವುದರಲ್ಲಿ ಹೋಯಿತು. ತಲೆಯ ಮೇಲಿನ ಸೆರಗು ಇರಲಿ ಎಂದಳು, ಕಾಲಿನ ಪ್ಲಾಸ್ಟಿಕ್ ಚಪ್ಪಲಿ ಬೇಡ ಎಂದಳು, ಖಾಲಿ ತೊಟ್ಟಿಯಲ್ಲಿ ಕಸಬರಿಗೆ ಆಡಿಸುತ್ತ ದೂರ ನೋಡಬೇಕು ಎಂದಳು. ಖಾಲಿ ತೊಟ್ಟಿ ಏಕೆ ಕದಡಬೇಕು ಎಂದು ಫಕೀರಮ್ಮ ಕೇಳಿದಾಗ ಗ್ರಾಮೀಣ ಮಹಿಳೆಯರ ಕೈಯಿಂದ ಎಂದು ಲೇಬಲ್ಲಿನ ಮೇಲೆ ಬರೆಯುತ್ತಾರೆ ಎಂದು ಪ್ರಭುರಾಜ ವಿವರಿಸಿದ. ಬಿಸಿಮಣ್ಣಿನಲ್ಲಿ ಬರಿಗಾಲಲ್ಲಿ ನಿಂತ ಫಕೀರಮ್ಮ ದೂರ ನೋಡುವ ಬದಲು ತನ್ನ ಚಪ್ಪಲಿ ಎಲ್ಲಿವೆ ಎಂದು ನೋಡುತ್ತಿದ್ದಳು. ಫೋಟೋದಲ್ಲಿ ಅದೇ ದೂರದೃಷ್ಟಿಯಂತೆ ಬಂತು.

ಆ ನೀಲಿ ಬೆಂಗಳೂರಿನಲ್ಲಿ ಮುಖ ಬೆಳ್ಳಗಾಗಿಸುವ ಫೇಸ್ ಪ್ಯಾಕಿಗೆ ಹೋಗುವುದಿತ್ತು. ಇದನ್ನು ಕೇಳಿದ ಬಜಾರದ ಹೆಂಗಸರು ಬಟ್ಟೆ ಬೆಳ್ಳಗಾಗಲು ನೀಲಿ ಹಾಕಿದ ಹಾಗೆ ಈಗ ಮುಖಕ್ಕೂ ಬಂತೇನು ಎಂದು ನಕ್ಕರು. ಪ್ರಭುರಾಜನೂ ಅವರೊಡನೆ ನಕ್ಕ, ನೀಲಿ ಉಗುರುಗಳನ್ನು ಅಂಗೈಯೊಳಗೆ ಮಡಚಿಕೊಂಡ.

ಎರಡು ವಾರ ಅವನಿಗೆ ಅನ್ನ ಸೇರಲಿಲ್ಲ. ಹೊಸ ಪಾಚಿ ಬಿಟ್ಟು, ಹೊಸದಾಗಿ ನೀಲಿ ತೆಗೆಯಲು ತೊಡಗಿದ. ಕಂಪನಿಯ ಲ್ಯಾಬು ಕಳ್ಳತನ ಹಿಡಿದು ಛೀಮಾರಿ ಹಾಕುತ್ತದೆ ಎಂದು ಕಾಯ್ದ. ಕೆಲವು ಸಲ ಹಾಗೇ ಆಗಲಿ ಎಂದೂ ಅನಿಸಿತು. ಆದರೆ ಫೋನು ಬಂದದ್ದು ಬೇರೆಯದೇ ಸುದ್ದಿಗೆ. ಅಂಗಡಿಯ ಹಿಂದೆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಐಶ್ವರ್ಯಳ ದನಿ ಉಲ್ಲಾಸದಿಂದ ಹೊರಬಂತು. ಬಾಸ್ ಬಾಟಲಿಯನ್ನು ಆಫೀಸಿನ ಕಿಟಕಿಯ ಬಿಸಿಲಲ್ಲೇ ಇಟ್ಟಿದ್ದರಂತೆ, ಬಣ್ಣ ಒಂದು ಚೂರೂ ಮಾಸಿಲ್ಲವಂತೆ, ಬೇರೆ ಕಡೆಯ ನೈಸರ್ಗಿಕ ನೀಲಿಗಳೆಲ್ಲ ಸಪ್ಪಗಾಗಿ ಕೂತಿವೆಯಂತೆ. ಲ್ಯಾಬಿನ ಮಾತು ನಂತರ, ಮೊದಲು ಆರ್ಡರು ಎಂದಳು. ಆಫೀಸಿನ ಹುಡುಗಿಯರು ಮುಖಕ್ಕೆ ಹಚ್ಚಿ ನೋಡಲು ಪೈಪೋಟಿ ಮಾಡುತ್ತಿದ್ದಾರೆ, ನಾಳೆಯಿಂದ ಶುರು ಎಂದೂ ಸೇರಿಸಿದಳು.

ಕಳಕಪ್ಪ ಎದ್ದು ಬಂದು ಮಗನ ಹೆಗಲ ಮೇಲೆ ಕೈ ಇಟ್ಟ. ಪ್ರಭುರಾಜನಿಗೆ ನೆನಪಿರುವಂತೆ ಅಪ್ಪ ಹಾಗೆ ಕೈ ಇಟ್ಟದ್ದು ಅದೇ ಮೊದಲು. ಅಣಬೆಗೆ ಇಟ್ಟಿರಲಿಲ್ಲ, ಜೇನಿಗೆ ಇಟ್ಟಿರಲಿಲ್ಲ, ಕೆಂಪು ಹೊಳಪಿನ ಆ ನಿಜವಾದ ನೀಲಿಗೂ ಇಟ್ಟಿರಲಿಲ್ಲ. ಮಗನ ಬೆರಳನ್ನು ಎತ್ತಿ, ಇನ್ನೂ ಮಾಸದೆ ಉಳಿದ ಉಗುರಿನ ನೀಲಿಯನ್ನು ನೋಡಿ ಮೆಲ್ಲಗೆ ಹೇಳಿದ.

"ಈಗ ನೀ ಖರೇ ನನ್ನ ಮಗ ಅನಿಸಿದಿ ನೋಡು. ಬಣ್ಣ ಅಂದ್ರ ಹಿಂಗ ಕಳೀಲಾರದಂಗ ಇರಬೇಕು. ಇಷ್ಟು ದಿನಕ್ಕ ನಿನಗ ತಿಳೀತು."

ಎಷ್ಟು ವರ್ಷ ಕಾದ ಮಾತು ಅದು. ಕಿವಿಗೆ ಬಿದ್ದಾಗ ಪ್ರಭುರಾಜನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಅಪ್ಪನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೇ ಹೊಗಳುತ್ತಿದ್ದಾನೆ. ಅಷ್ಟರಲ್ಲಿ ಸುದ್ದಿ ಕೇಳಿ ಎದ್ದು ಒಳಗೆ ಹೋಗಿದ್ದ ಗುರುಲಿಂಗಮ್ಮ ಹೊರಗೆ ಬಂದಳು. ಕೈಯಲ್ಲಿ ನಮೂನೆಗೆ ಕೊಟ್ಟು ಉಳಿದಿದ್ದ ನೀಲಿಯ ಬಾಟಲಿಯಿತ್ತು. ಮಗನ ಬಣ್ಣವನ್ನು ಬೆಂಗಳೂರಿನವರು ಒಪ್ಪಿದರೆಂಬ ಸಂಭ್ರಮದಲ್ಲಿ ಹಣೆಯ ಕುಂಕುಮ ಒರೆಸಿಕೊಂಡೇ ಬಂದಿದ್ದಳು. ಆ ಕಪ್ಪು ಕಲೆ ಪೂರ್ತಿಯಾಗಿ ಬೆಳಕಿಗೆ ಬಿದ್ದದ್ದನ್ನು ಪ್ರಭುರಾಜ ಎಷ್ಟೋ ವರ್ಷಗಳ ಮೇಲೆ ನೋಡಿದ. ಅವಳು ಬಾಟಲಿಯಲ್ಲಿ ಬೆರಳದ್ದಿ, ಚರ್ಮಕ್ಕ ಛಲೋ ಅಂತ ನೀನ ಹೇಳ್ತಿದ್ದೆಲ್ಲೋ ಎನ್ನುತ್ತ ಹಣೆಯ ಕಡೆ ಕೈ ಒಯ್ದಳು.

ಪ್ರಭುರಾಜ ಹಾರಿ ಅವಳ ಮಣಿಕಟ್ಟು ಹಿಡಿದ. ಬಾಟಲಿ ಬಿದ್ದು ಕಳಕಪ್ಪನ ಬಿಳಿ ಧೋತರದ ಮೇಲೆಲ್ಲ ನೀಲಿ ಹರಿಯಿತು.

"ಯಾಕೋ? ಮಂದಿ ಮುಖಕ್ಕ ಹಚ್ಚಾಕ ಕೊಟ್ಟೀದಿ, ನಿಮ್ಮವ್ವನ ಹಣಿಗೆ ಬ್ಯಾಡೇನು?" ಎಂದಳು ಗುರುಲಿಂಗಮ್ಮ.

ಹಿಡಿದ ಕೈ ಬಿಡದೆ ಪ್ರಭುರಾಜ ಅಳುತ್ತ ಹೇಳಿಬಿಟ್ಟ. ಅವಳು ಕುದಿಸಿದ್ದರಿಂದ ಬಣ್ಣ ಸತ್ತದ್ದು, ತಾನು ಬಟ್ಟೆಯ ನೀಲಿ ಹಾಕಿದ್ದು, ಹಣೆಗೆ ತಾಗಿದರೆ ಏನಾದೀತೋ ಎಂದು ಹೆದರಿ ಕೈ ಹಿಡಿದದ್ದು, ಒಂದನ್ನೂ ಬಿಡಲಿಲ್ಲ. ಕಳಕಪ್ಪ ನಡುವೆ ಬಾಯಿ ಹಾಕಿ, ಇಷ್ಟಕ್ಕೆಲ್ಲ ಅಳಬೇಕೇನು, ಬಣ್ಣಕ್ಕೆ ಬಣ್ಣ ಹಾಕದೆ ವ್ಯಾಪಾರ ಎಲ್ಲಿ ನಡೆದೀತು, ತಾನು ಇಷ್ಟು ವರ್ಷ ಮಾಡಲಿಲ್ಲವೇ ಎಂದ. ಹೇಳಿ ಮುಗಿಸಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವನಿಗೆ ತಿಳಿದದ್ದು.

ಗುರುಲಿಂಗಮ್ಮ ಮಗನ ಹಿಡಿತದಲ್ಲಿದ್ದ ತನ್ನ ಕೈ ನೋಡಿಕೊಂಡಳು. ಬೆರಳ ತುದಿಯ ನೀಲಿ ನೋಡಿದಳು. ಇನ್ನೊಂದು ಕೈಯಿಂದ ಹಣೆಯ ಕಲೆಯನ್ನು ಮುಟ್ಟಿದಳು. ಗಂಡನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು.

"ಇವ ಒಂದ ಸಲಕ್ಕ ತಡದ. ನೀವು ದಿನಾ ನೋಡಿದ್ರಿ, ಒಂದ ದಿನಾನೂ ತಡೀಲಿಲ್ಲ."

ಕಳಕಪ್ಪ ನೀಲಿ ಹತ್ತಿದ ಧೋತರದ ಅಂಚನ್ನು ಎತ್ತಿ ಹಿಂಡತೊಡಗಿದ.

ಪ್ರಭುರಾಜ ಆಗಲೇ ಐಶ್ವರ್ಯಳಿಗೆ ಫೋನು ಹಚ್ಚಿ, ಯಾರ ಮುಖಕ್ಕೂ ಅದನ್ನು ಹಚ್ಚಬೇಡಿ, ಅದು ಬಟ್ಟೆಯ ನೀಲಿ, ನನ್ನದು ತಪ್ಪಾಯಿತು ಎಂದ. ನಿಜವಾದದ್ದು ಬಿಸಿಲಿಗೆ ಮಾಸುತ್ತದೆ, ಬಿಸಿಗೆ ಸಾಯುತ್ತದೆ, ಅದು ಬೇಕಾದರೆ ಕೊಡುತ್ತೇನೆ ಎಂದ. ಆಮೇಲೆ ಅವಳು ದನಿ ತಗ್ಗಿಸಿ, ಮಾಸುವ ಬಣ್ಣವನ್ನು ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ, ಹೀಗೆ ಮಾಡೋಣ, ಲೇಬಲ್ಲಿಗಾಗಿ ನಿಮ್ಮ ನಿಜವಾದದ್ದು ಒಂದು ಚಮಚ ಕಳಿಸಿ, ಉಳಿದ ಬಣ್ಣವನ್ನು ನಾವೇ ನೋಡಿಕೊಳ್ಳುತ್ತೇವೆ, ಫಕೀರಮ್ಮನ ಫೋಟೋ ಹೇಗೂ ಅಚ್ಚಿಗೆ ಹೋಗಿದೆ ಎಂದಳು. ಅದನ್ನು ನಿಮ್ಮ ಅವ್ವನ ಮುಖಕ್ಕೆ ಹಚ್ಚುತ್ತೀರೇನು ಎಂದು ಪ್ರಭುರಾಜ ಕೇಳಿದ. ಲೈನು ಕಟ್ಟಾಯಿತು. ಆರ್ಡರೂ ಅದರೊಂದಿಗೆ ಹೋಯಿತು.

ಮಾತು ಕೊಟ್ಟಿದ್ದನಲ್ಲ, ಮರುದಿನ ಬೆಳಗ್ಗೆ ಪ್ರಭುರಾಜ ಕೈ ತೊಳೆದು ಬಂದು ಗಾದಿಯ ಮೇಲೆ ಕೂತ. ಪ್ರಾಜೆಕ್ಟ್ ಪ್ರಭು ಕೊನೆಗೂ ಕುಂಕುಮಕ್ಕೆ ಬಂದ ಎಂದು ರೆಹಮಾನ ಚಹಾ ಕಳಿಸಿದ. ಪ್ರಭುರಾಜ ಬಳೆ ತೊಡಿಸಿದ, ಬಾಚಣಿಗೆ ಕೊಟ್ಟ. ಕುಂಕುಮ ಕೇಳಿದವರನ್ನು ಮಾತ್ರ ಅಪ್ಪನ ಕಡೆ ಕೈಮಾಡಿ ತೋರಿಸಿದ. ಇದರಿಂದ ಕಳಕಪ್ಪನಿಗೆ ದೊಡ್ಡ ತ್ರಾಸೇನೂ ಆಗುತ್ತಿರಲಿಲ್ಲ. ತ್ರಾಸು ಬಂದದ್ದು ಮನೆಯೊಳಗಿನಿಂದ.

ಗುರುಲಿಂಗಮ್ಮ ಅಂದಿನಿಂದ ಕುಂಕುಮ ಹಚ್ಚುವುದು ಬಿಟ್ಟಳು. ಜಗಳವಾಡಲಿಲ್ಲ, ಅಡಿಗೆ ನಿಲ್ಲಿಸಲಿಲ್ಲ. ಕೈಯಲ್ಲಿ ಬಳೆ, ಕೊರಳಲ್ಲಿ ತಾಳಿ, ಹಣೆಗೆ ವಿಭೂತಿ ಮಾತ್ರ. ಕಲೆಯನ್ನು ಮುಚ್ಚದೆ ಬಜಾರಕ್ಕೆ ಬಂದಳು, ತರಕಾರಿ ಕೊಂಡಳು, ಮಠಕ್ಕೆ ಹೋದಳು. ಹಪ್ಪಳದಷ್ಟು ಕುಂಕುಮ ಇದ್ದ ಹಣೆ ಒಮ್ಮೆಲೇ ಖಾಲಿಯಾದರೆ ಊರು ಸುಮ್ಮನಿರುತ್ತದೆಯೇ? ಕಳಕಪ್ಪ ಹೋಗಿಬಿಟ್ಟರಂತೆ ಎಂಬ ಸುದ್ದಿ ಬಸ್ಸಿನಲ್ಲಿ ಹನುಮಸಾಗರ ಮುಟ್ಟಿತು. ಅಲ್ಲಿಯ ಬೀಗರು ಹಾರ ಹಿಡಿದುಕೊಂಡು ಅಳುತ್ತ ಬಂದವರು, ಗಾದಿಯ ಮೇಲೆ ಪೊಟ್ಟಣ ಕಟ್ಟುತ್ತ ಕೂತ ಕಳಕಪ್ಪನನ್ನು ಕಂಡು ಹಾರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವನ ಕೊರಳಿಗೇ ಹಾಕಿ ನಮಸ್ಕಾರ ಮಾಡಿ ಹೋದರು. ಮುಂದೆ ದಿನವೂ ಇದೇ ಕಥೆ. ಬಂದ ಹೆಂಗಸರು ಮೊದಲು ಕಳಕಪ್ಪ ಉಸಿರಾಡುತ್ತಿದ್ದಾನೆಯೇ ನೋಡುತ್ತಿದ್ದರು, ಆಮೇಲೆ ಅವ್ವಾರ ಹಣೆ ಏಕೆ ಖಾಲಿ ಎಂದು ಕೇಳುತ್ತಿದ್ದರು, ಕೊನೆಗೆ ಕುಂಕುಮ ಕೊಳ್ಳದೆ ಹೋಗುತ್ತಿದ್ದರು. ಗುರುಲಿಂಗಮ್ಮನನ್ನೇ ಕೇಳಿದವರಿಗೆ ಅವಳು ಕಲೆಯನ್ನು ಬೆರಳಿನಿಂದ ತೋರಿಸಿ, ಅಂಗಡಿಯ ಕಡೆ ಅದೇ ಬೆರಳು ಮಾಡಿ, ಮುಂದಕ್ಕೆ ನಡೆಯುತ್ತಿದ್ದಳು.

ಬದುಕಿದ್ದೇನೆ ಎಂದು ಊರಿಗೆ ಸಾರಿ ಸಾರಿ ಕಳಕಪ್ಪ ಸೋತ. ಒಂದು ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಮಗನನ್ನು ಕೇಳಿದ.

"ಪ್ರಭು, ಆ ನಿನ್ನ ಕಳೀಯೋ ಬಣ್ಣದಾಗ ಕೆಂಪು ಬರತೈತೇನು?"

"ಇದರಾಗ ಬರೂದಿಲ್ಲಪ್ಪ. ಅರಿಷಿಣದಾಗ ಬರತೈತಿ. ನಿಮಗ ಗೊತ್ತೈತಿ."

ಕಳಕಪ್ಪ ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟ. "ಗೊತ್ತೈತಿ" ಎಂದ.

ಕಳಕಪ್ಪನ ಅಪ್ಪ ಮಾಡುತ್ತಿದ್ದ ಕುಂಕುಮ ಅದು. ಅರಿಷಿಣದ ತುಂಡಿಗೆ ಲಿಂಬಿಯ ರಸ, ಬಿಳಿಗಾರ ಹಾಕಿ ನೆನೆಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸುವುದು. ಬೆವರಿಗೆ ಇಳಿಯುತ್ತದೆ, ಮಧ್ಯಾಹ್ನಕ್ಕೆ ಮಸುಕಾಗುತ್ತದೆ ಎಂದು ಕಳಕಪ್ಪ ಹರೆಯದಲ್ಲೇ ಬಿಟ್ಟುಬಿಟ್ಟಿದ್ದ. ಈಗ ಹಿಂದಿನ ಕೋಣೆಯಲ್ಲಿ ಡ್ರಮ್ಮನ್ನು ಪಕ್ಕಕ್ಕೆ ಸರಿಸಿ ಒರಳು ಇಟ್ಟ. ವಯಸ್ಸಾದ ತೋಳು, ಕೆಮ್ಮು, ಮೂಗಿನಲ್ಲೆಲ್ಲ ಅರಿಷಿಣ. ಸಹಾಯಕ್ಕೆ ಬಂದ ಮಗನನ್ನು ನಿನ್ನ ಪಾಚಿ ನೋಡಿಕೋ ಹೋಗು ಎಂದು ಬೈದು ಕಳಿಸಿದ. ಪ್ರಭುರಾಜ ಗಾದಿಯಿಂದ ಎದ್ದದ್ದು ಆ ಬೈಗುಳದ ಮೇಲೆ.

ಸಿದ್ಧವಾದ ಮೊದಲ ಚಿಟಿಕೆಯನ್ನು ಕಳಕಪ್ಪ ತಟ್ಟೆಯಲ್ಲಿಟ್ಟು ಹೆಂಡತಿಯ ಮುಂದೆ ಹಿಡಿದ. ಗುರುಲಿಂಗಮ್ಮ ಮುಟ್ಟಲಿಲ್ಲ. ಮಗನನ್ನು ಕರೆದು, ನೋಡಿ ಹೇಳು ಎಂದಳು. ಪ್ರಭುರಾಜ ತಟ್ಟೆಯನ್ನು ಅಂಗಳಕ್ಕೆ ಒಯ್ದು, ನೀರಲ್ಲಿ ಕದಡಿ ನೋಡಿದ, ಸುಣ್ಣ ಹಾಕಿ ನೋಡಿದ, ಕೈಮೇಲೆ ಹಚ್ಚಿ ತಿಕ್ಕಿ ನೋಡಿದ. ಕಳಕಪ್ಪ ಪರೀಕ್ಷೆಗೆ ಕೂತ ಹುಡುಗನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹಚ್ಚಿಕೋ ಅವ್ವ ಎಂದು ಮಗ ಹೇಳಿದ ಮೇಲೆಯೇ ಅವಳು ಹಚ್ಚಿಕೊಂಡಳು. ಈ ಸಲ ಸಣ್ಣದು, ಕಲೆ ಸುತ್ತಲೂ ಕಾಣುವಷ್ಟು ಸಣ್ಣದು.

ಪ್ರಭುರಾಜನ ತೊಟ್ಟಿಗಳು ಮತ್ತೆ ಹಸಿರಾಗಿವೆ. ನೀಲಿಯನ್ನು ಈಗ ಒಣಗಿಸಿ ಪುಡಿ ಮಾಡುತ್ತಾನೆ, ತಂಪಲ್ಲಿಟ್ಟರೆ ಅದು ಸ್ವಲ್ಪ ಹೆಚ್ಚು ದಿನ ತಾಳುತ್ತದೆ. ದೊಡ್ಡ ಕಂಪನಿ ಯಾವುದೂ ಬಂದಿಲ್ಲ. ಬಿಡಿ ಗಿರಾಕಿಗಳು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರಲ್ಲಿ ಐಶ್ವರ್ಯಳೂ ಒಬ್ಬಳು. ಕಂಪನಿಗೆ ಅಲ್ಲ, ನಮ್ಮಮ್ಮನಿಗೆ ಎಂದು ಫೋನಿನಲ್ಲಿ ಮೆಲ್ಲಗೆ ಹೇಳಿ ಪುಡಿ ತರಿಸಿಕೊಳ್ಳುತ್ತಾಳೆ.

ಕಳಕಪ್ಪ ಮಾತ್ರ ವ್ಯಾಪಾರಿ, ಸುಮ್ಮನೆ ಇರುವವನಲ್ಲ. ಹೊಸ ಕುಂಕುಮಕ್ಕೆ ದರ ಏರಿಸಿ, ಅಂಗಡಿಯ ಮುಂದೆ ಹೊಸ ಬೋರ್ಡು ಬರೆಸಿದ್ದಾನೆ. 'ನಮ್ಮ ಮನೆಯವರೇ ಹಚ್ಚಿಕೊಳ್ಳುವ ಕುಂಕುಮ.' ಬೋರ್ಡು ಏರಿಸಿದ ದಿನ ಮಠಕ್ಕೆ ಹೊರಟಿದ್ದ ಗುರುಲಿಂಗಮ್ಮ ನಡುಬೀದಿಯಲ್ಲಿ ನಿಂತು ಅದನ್ನು ಒಂದೊಂದೇ ಅಕ್ಷರ ಓದಿದಳು. ಹೇಗಿದೆ ಎಂದು ಕಳಕಪ್ಪ ಗಾದಿಯಿಂದಲೇ ಕೇಳಿದ.

"ಇದನ್ನ ಮದುವಿ ಆದ ವರ್ಷ ಹಾಕಿದ್ರೂ ಖರೇನ ಇತ್ತು ಬಿಡ್ರಿ" ಎಂದು ಹೇಳಿ ಅವಳು ಮಠದ ಕಡೆ ನಡೆದಳು.